ನೀಲಿ ಚಾನೆಲ್

"ಹಸರು ನಂದು. ನೀಲಿ ಖಾಲಿ. ಖಾಲಿ ಇರ್ಲಿ ಬಿಡವಾ, ಮದುವಿಗೆ ಒಂದ ಚಾನೆಲ್ ಸಾಕು," ಎಂದು ಶಫೀಕ ಪರದೆಯ ಆಚೆಯಿಂದ ಹೇಳಿದ.

"ಖಾಲಿ ಯಾಕ ಇರಬೇಕು? ನಾ ಹಚ್ಚತೀನಿ."

ಸಾಯಿಮಾಳ ಕೈ ಆಗಲೇ ಪರದೆಯ ಕೆಳಗಿನಿಂದ ಹಾಯ್ದು ಹಾಡು ಕಳಿಸುವ ಎರಡನೆಯ ಯಂತ್ರದ ವೈರು ಹಿಡಿದಿತ್ತು. ಅವನು ಎಳೆದ. ಅವಳೂ ಎಳೆದಳು. ಅಂಗಳಕ್ಕೆ ಅಡ್ಡಲಾಗಿ ಹಗ್ಗಕ್ಕೆ ಕಟ್ಟಿದ್ದ ಶಾಮಿಯಾನದ ಬಟ್ಟೆ, ಒಳಗೆ ಬೆಕ್ಕು ಸಿಕ್ಕಂತೆ, ಅಲ್ಲಾಡಿತು.

"ಮೊಹಸಿನಾ, ನಿನ್ನ ತಂಗೀನ ಹಿಡಿಯಲೇ! ಬಾಡಿಗಿ ಸಾಮಾನು, ಮುರದ್ರ ಹುಬ್ಬಳ್ಳಿಯವ ನನ್ನ ಮುರೀತಾನ."

ನಾಳೆ ಮದುಮಗನಾಗುವ ಮೊಹಸಿನ ಕೆನ್ನೆಯ ಮೇಲಿನ ಅರಿಸಿನ ಒರೆಸಿಕೊಳ್ಳುತ್ತ ಬಂದ. ಹೆಣ್ಣುಮಕ್ಕಳ ಕಡೆ ಬಗ್ಗಿ ನೋಡಿದ. ತಂಗಿ ನೆಲಕ್ಕೆ ಕೂತು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ವೈರನ್ನು ಕೈಗೆ ಸುತ್ತಿಕೊಂಡಿದ್ದಳು. ಅವಳ ಹಟ ಅವನಿಗೆ ಹೊಸದಲ್ಲ.

ಆ ಮೊಹಲ್ಲಾದ ಜಮಾತು ಹೋದ ವರ್ಷ ಒಂದು ನಿರ್ಣಯ ಮಾಡಿತ್ತು: ಯಾರ ಮದುವೆಯಲ್ಲಿ ಡೀಜೆ ಹಚ್ಚುತ್ತಾರೋ ಅವರ ನಿಕಾ ಓದುವುದಿಲ್ಲ. ನಿರ್ಣಯ ಬರೀ ಮಾತಾಗಿ ಉಳಿದಿರಲಿಲ್ಲ. ಬೇಸಿಗೆಯಲ್ಲಿ ಒಬ್ಬ ಮದುಮಗ ಮುಖಕ್ಕೆ ಹೂವಿನ ಸೆಹ್ರಾ ಕಟ್ಟಿಕೊಂಡು ಮಧ್ಯಾಹ್ನದವರೆಗೆ ಕೂತಿದ್ದ. ಅವನ ಅಪ್ಪ ಮಸೀದಿಯ ಮುಂದೆ ನಿಂತು ತಪ್ಪಾಯಿತೆಂದ ಮೇಲೆಯೇ ನಿಕಾ ಆದದ್ದು. ಇಲ್ಲಿ ಮಾತ್ರ ಕತೆ ಬೇರೆ. ಶಫೀಕ ಮೊಹಸಿನನ ಜೊತೆಗೇ ಬೆಳೆದವನು, ಮತ್ತು ಅವನದೇ ಡೀಜೆ ಗಾಡಿ. ಗದಗ, ಸೊರಟೂರ, ಹರ್ತಿ, ಎಲ್ಲಿ ಮೆರವಣಿಗೆ ಇದ್ದರೂ ಅವನ ಗಾಡಿ ಇರಲೇಬೇಕು. ಜೀವದ ಗೆಳೆಯನ ಮದುವೆ ಮೂಕಾಗಿ ನಡೆಯುವುದೆಂದರೆ ಅವನಿಗೆ ಅವಮಾನ. ಒಂದು ಚೀಲದ ತುಂಬ ವೈರಿಲ್ಲದ ಹೆಡ್‌ಫೋನು ತಂದ. ಹಾಡು ಕಿವಿಯೊಳಗೇ ಇರುತ್ತದೆ, ಹೊರಗೆ ಸಪ್ಪಳವಿಲ್ಲ. ಇದು ಡೀಜೆ ಹೇಗಾಗುತ್ತದೆ?

ಜಮಾತಿನ ಅಧ್ಯಕ್ಷ ನಬಿಸಾಬರು ಹೆಡ್‌ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, "ಹೊರಗ ಕೇಳಸಬಾರದು. ಮಗ್ರಿಬ್ ಆಜಾನ್ ಆತಂದ್ರ ಬಂದ್. ನಾನ ಬಂದು ಕುಂಡ್ರತೀನಿ," ಎಂದಿದ್ದರು. ಇಳಿಹೊತ್ತಿನ ಅಸರ್ ನಮಾಜಿನಿಂದ ಹೊತ್ತು ಮುಳುಗುವ ಮಗ್ರಿಬ್‌ವರೆಗೆ, ಅಷ್ಟೇ ಹೊತ್ತು.

"ಏನ ಹಚ್ಚತೀಯವಾ ನೀನು?" ಮೊಹಸಿನ ಕೇಳಿದ.

"ನಂದ."

ಮೊಹಸಿನನಿಗೆ ಗೊತ್ತಿತ್ತು. ಕಾಲೇಜಿನಲ್ಲಿ ಸರ್ಕಾರದವರು ಕೊಟ್ಟ ಲ್ಯಾಪ್‌ಟಾಪಿನಲ್ಲಿ ತಂಗಿ ಎರಡು ವರ್ಷದಿಂದ ಏನೋ ಕಟ್ಟುತ್ತಿದ್ದಳು. ಹಮ್ಮಿಗಿಯ ಹೊಳೆದಂಡೆಯಲ್ಲಿ ಚಿಕ್ಕಮ್ಮನ ಹೊಲದ ಪಂಪು ಟುಕ್ ಟುಕ್ ಅನ್ನುವುದನ್ನು ಫೋನಿನಲ್ಲಿ ಹಿಡಿದು ತಂದು, ಕತ್ತರಿಸಿ, ಹಿಗ್ಗಿಸಿ, ಕೆಳಗೆ ಒಂದು ಗುಂಡಿಗೆಯಂಥ ಬೀಟ್ ಇಟ್ಟು. ಒಮ್ಮೆ ಅಮ್ಮಿಯ ಕಿವಿಗೆ ಹಚ್ಚಿದಳು. ಹಸೀನಾಬಿ ಕೇಳಿ, "ಮಿಕ್ಸರ್ ಕೆಟ್ಟೈತೇನ?" ಎಂದಿದ್ದಳು.

ಸಾಯಿಮಾಳಿಗೆ ಅಮ್ಮಿಯ ಮೇಲೆ ಸಿಟ್ಟು ಬಂದಿರಲಿಲ್ಲ. ತನ್ನ ಮೇಲೆ ಬಂದಿತ್ತು. ಇಂಥ ಸಂಗೀತವನ್ನು ಕೂತು ಕೇಳುವುದಲ್ಲ. ಅದು ನಿಂತ ಮೈಗಳಿಗೆ ಮಾಡಿದ್ದು. ಫೋನಿನಲ್ಲಿ ಅವಳು ನೋಡುವ ದೂರದ ಊರುಗಳ ಮೇಳಗಳಲ್ಲಿ, ಬಯಲಿನ ತುಂಬ ನಿಂತ ಸಾವಿರಾರು ಜನ ಬೀಟ್ ನಿಂತಾಗ ನಿಂತು, ಬಂದಾಗ ಒಟ್ಟಿಗೇ ನೆಲ ಬಿಟ್ಟು ಏಳುತ್ತಿದ್ದರು. ಶಫೀಕನ ಗಾಡಿ ಬೀದಿಯಲ್ಲಿ ಹಾಯುವಾಗ ಅಡಿಗೆಮನೆಯ ಸ್ಟೀಲಿನ ಪಾತ್ರೆಗಳು ನಡುಗುತ್ತಿದ್ದವು. ಅವಳು ಮಾಳಿಗೆ ಏರಿ, ಗೋಡೆಗೆ ಬೆನ್ನು ಒತ್ತಿ, ಆ ಗುದ್ದನ್ನು ಬೆನ್ನಿನಿಂದ ಕೇಳುತ್ತಿದ್ದಳು. ಮುಂದೆ ಕುಣಿಯುವವರೆಲ್ಲ ಗಂಡಸರು. ಅವಳು ಕಟ್ಟಿದ್ದು ಮಾತ್ರ ಈವರೆಗೆ ಯಾರ ಮೈಯನ್ನೂ ಮುಟ್ಟಿರಲಿಲ್ಲ. ಮುಟ್ಟುತ್ತದೋ ಇಲ್ಲವೋ ಎಂದು ಒಬ್ಬಳೇ ಕೂತು ತಿಳಿಯುವ ದಾರಿಯೂ ಇರಲಿಲ್ಲ. ಮೈಗಳು ಬೇಕಿತ್ತು. ಇವತ್ತು ಅಂಗಳದ ತುಂಬ ಇದ್ದವು.

"ಹಚ್ಚು," ಎಂದ ಮೊಹಸಿನ, ದನಿ ಇಳಿಸಿ. "ಆದ್ರ ಗಂಡಸರ ಕಡೆ ಗೊತ್ತಾಗಬಾರದು. ಎರಡೂ ಶಫೀಕನ ಹಚ್ಚಾಕತ್ತಾನ ಅಂತೀನಿ. ನಬಿಸಾಬ ಚಾಚಾಗ ಹುಡುಗಿ ಹಚ್ಯಾಳ ಅಂತ ಖಬರ ಹತ್ತಿತಂದ್ರ ನಾಳಿ ನನಗ ನಿಕಾ ಇಲ್ಲ, ನಿನಗ ಮನಿ ಇಲ್ಲ."

"ಆತು."

"ಖರೇನ?"

"ಆತು ಅಂದ್ನಲ್ಲ, ವೈರ್ ಬಿಡಾಕ ಹೇಳು ಅವಂಗ."

ಅಸರ್ ಮುಗಿಸಿ ಗಂಡಸರು ಬಂದರು. ಹೆಡ್‌ಫೋನುಗಳು ಹಂಚಿಹೋದವು. ಬಲಗಿವಿಯ ಹತ್ತಿರ ಒಂದು ಗುಂಡಿ: ಒತ್ತಿದರೆ ಹಸಿರು, ಮತ್ತೆ ಒತ್ತಿದರೆ ನೀಲಿ. ಶಫೀಕ ಸಿನಿಮಾ ಹಾಡಿನಿಂದ ಸುರು ಮಾಡಿದ್ದೇ ಪರದೆಯ ಎರಡೂ ಕಡೆ ತಲೆಗಳ ಮೇಲೆ ಹಸಿರು ದೀಪ ಹತ್ತಿ ಕುಣಿಯತೊಡಗಿದವು.

ಹೊರಗಿನಿಂದ ನೋಡಿದರೆ ಹುಚ್ಚರ ಸಂತೆ. ಹಾಡಿಲ್ಲ, ಬರೀ ಕಾಲಿನ ಸಪ್ಪಳ, ಬಳೆಯ ಸಪ್ಪಳ, ಏದುಸಿರು. ಒಬ್ಬ ಕಣ್ಣು ಮುಚ್ಚಿ ಸುರವಿಲ್ಲದೆ ಪಲ್ಲವಿ ಒದರುತ್ತಿದ್ದ. ಹಿಂದೆ ಬಿರಿಯಾನಿಯ ಹಂಡೆಗೆ ಸೌಟು ಬಡಿಯುವುದು ಸ್ಪಷ್ಟ ಕೇಳುತ್ತಿತ್ತು. ಪಕ್ಕದ ಮನೆಯ ಮಂಜವ್ವ ಸೆರಗು ಸಿಕ್ಕಿಸಿ ಕುಣಿಯುತ್ತ, ಕಿವಿ ಮುಚ್ಚಿದ್ದರಿಂದ ಓಣಿಗೇ ಕೇಳುವಂತೆ ಕೂಗಿದಳು: "ಹಸೀನಾ! ಭಾಳ ಚಲೋ ಐತಿ! ನನ್ನ ಗಂಡ ಬೈದ್ರೂ ಕೇಳಸೂದಿಲ್ಲ!"

"ಒದರಬ್ಯಾಡ, ಅಂವಾ ಆಕಡೇನ ಕುಂತಾನ!" ಎಂದು ಹಸೀನಾಬಿಯೂ ಅಷ್ಟೇ ಜೋರಾಗಿ ಕೂಗಿದಳು.

ನೀಲಿ ಒಂದೂ ಇರಲಿಲ್ಲ. ಸಾಯಿಮಾ ಎರಡು ಬಟ್ಟೆ ಕೂಡುವಲ್ಲಿನ ಸಂದಿನಲ್ಲಿ ಕಣ್ಣಿಟ್ಟಿದ್ದಳು. ಆಗ ನಬಿಸಾಬರು ಬಂದರು. ಪರದೆಯ ಸಮೀಪ ಕುರ್ಚಿ ಹಾಕಿಸಿಕೊಂಡು ಕೂತು, ಸ್ವಲ್ಪ ಹೊತ್ತು ಈ ಸಪ್ಪಳವಿಲ್ಲದ ಕುಣಿತ ನೋಡಿ, ಮೊಹಸಿನನನ್ನು ಕರೆದರು.

"ಅದರಾಗ ಏನ ನಡದೈತಿ ನೋಡೂಣು, ತಾ. ಹಾಡು ಬ್ಯಾಡ ನನಗ. ಹಾಡಿಲ್ಲದ್ದು ಯಾವುದು?"

"ನೀಲ್ಯಾಗ ಹಾಡಿಲ್ರಿ ಚಾಚಾ," ಎಂದು ಮೊಹಸಿನ ಅವರ ಟೋಪಿಯ ಮೇಲಿಂದಲೇ ಹೆಡ್‌ಫೋನ್ ಹಾಕಿ ಗುಂಡಿ ಒತ್ತಿದ.

ಮೊದಲ ನೀಲಿ ದೀಪ ಜಮಾತಿನ ಅಧ್ಯಕ್ಷರ ತಲೆಯ ಮೇಲೆ ಹತ್ತಿತು.

ಸಾಯಿಮಾ ಹೆಡ್‌ಫೋನನ್ನು ಒಂದು ಕಿವಿಗೆ ಮಾತ್ರ ಇಟ್ಟುಕೊಂಡಳು. ಮೇಳಗಳಲ್ಲಿ ನುಡಿಸುವವರು ಹಾಗೇ ಮಾಡುವುದು; ಒಂದು ಕಿವಿ ಯಂತ್ರಕ್ಕೆ, ಒಂದು ಕಿವಿ ಜನಕ್ಕೆ. ಪಂಪಿನ ಸದ್ದು ಬಿಟ್ಟಳು. ಕೆಳಗೆ ಬೀಟ್ ಸೇರಿಸಿದಳು. ಮುದುಕ ನಬಿಸಾಬರು ಅಲ್ಲಾಡಲಿಲ್ಲ. ಒಲೆಯ ಮೇಲಿನ ಹಾಲು ನೋಡುವವರ ಹಾಗೆ ಮುಖ ಮುಂದೆ ಚಾಚಿ ಕೂತರು. ಅಷ್ಟರಲ್ಲಿ ಮೊಹಸಿನನ ಗೆಳೆಯ ಮುತ್ತಣ್ಣ ಬೆವರು ಒರೆಸಲು ಹೋಗಿ ಗುಂಡಿ ಒತ್ತಿಬಿಟ್ಟ. ನೀಲಿಯಾದ. ನಿಂತ. ಬಾಯಿ ತೆರೆದ.

"ಲೇ! ನೀಲಿ ಹಾಕ್ರಲೇ! ಎದಿಗೆ ಒದೀತೈತಿ ಇದು!"

ಎರಡು, ನಾಲ್ಕು, ಆಮೇಲೆ ಎಣಿಸಲಾಗಲಿಲ್ಲ. ಈ ಕಡೆ ಮಂಜವ್ವ ನೀಲಿಯಾದಳು. ಸಾಯಿಮಾಳ ತೆರೆದ ಕಿವಿಗೆ ಅಂಗಳ ಕೇಳಿಸಿತು. ಅವಳ ಬೀಟ್ ಅಂಗಳದಲ್ಲಿ ಇರಲೇ ಇಲ್ಲ, ಆದರೂ ಇತ್ತು: ಚಾಪೆಯ ಮೇಲೆ ಹಿಮ್ಮಡಿಗಳು, ಮಂಜವ್ವನ ಗಾಜಿನ ಬಳೆಗಳು, ಆಚೆ ಬರಿಗಾಲು, ಎಲ್ಲ ಒಂದೇ ಜಾಗದಲ್ಲಿ ಬೀಳುತ್ತಿದ್ದವು. ಅವಳು ಎರಡು ವರ್ಷ ಕಿವಿಯೊಳಗೆ ಇಟ್ಟುಕೊಂಡದ್ದನ್ನು ಬೇರೆಯವರ ಕಾಲು ಹೊರಗೆ ಹೇಳುತ್ತಿದ್ದವು.

ಇನ್ನು ನಿಲ್ಲಿಸಬೇಕಿತ್ತು. ಅದೇ ಅವಳ ಜೀವ ಇದ್ದ ಜಾಗ. ಬೀಟ್ ತೆಗೆದಳು, ಪಂಪು ತೆಗೆದಳು. ಒಂದು ಸಣ್ಣ ಸ್ವರ ಮಾತ್ರ ಉಳಿಯಿತು, ಗೊತ್ತಾಗದಷ್ಟು ಮೆಲ್ಲಗೆ ಮೇಲೇರುತ್ತ. ಇದನ್ನು ಉದ್ದ ಎಳೆಯಬೇಕು, ಜನ ಸಾಕೆನ್ನುವವರೆಗೆ, ಅದನ್ನೂ ದಾಟಿ. ಆಮೇಲೆ ಬಿದ್ದ ಬೀಟಿಗೇ ಮೈಗಳು ನೆಲ ಬಿಟ್ಟು ಏಳುವುದು.

"ಬಂದಾತಲೇ!" ಎಂದ ಯಾರೋ. ಇನ್ನೊಬ್ಬ ಹೆಡ್‌ಫೋನನ್ನು ಅಂಗೈಗೆ ಬಡಿದ. "ಬ್ಯಾಟರಿ ಹೋಗೈತಿ." ನೀಲಿಗಳು ಒಂದೊಂದೇ ಹಸಿರಾದವು. ಪರದೆಯಾಚೆ ಶಫೀಕ ಕೂಗಿದ: "ಬೀಟ್ ಹಾಕವಾ ಜಲ್ದಿ! ಮಂದಿ ಹೊಂಟಾರ!"

ಅವಳು ಹಾಕಲಿಲ್ಲ. ಬೆರಳು ಲ್ಯಾಪ್‌ಟಾಪಿನ ಕೀಲಿಯ ಮೇಲೇ ಇತ್ತು. ಮಂಜವ್ವ ಉಳಿದಿದ್ದಳು, ಕೈ ಅರ್ಧಕ್ಕೆ ಎತ್ತಿ. ಮುತ್ತಣ್ಣ ಉಳಿದಿದ್ದ. ನಬಿಸಾಬರು ಉಳಿದಿದ್ದರು. ಅವರು ಕಣ್ಣು ಮುಚ್ಚಿದ್ದರು. ಗದ್ದ ಸ್ವಲ್ಪ ಮೇಲೆದ್ದಿತ್ತು, ಆ ಸ್ವರದ ಹಿಂದೆ ಹೋಗುವಂತೆ. ಇನ್ನು ಸ್ವಲ್ಪ. ಇನ್ನೊಂದು ಉಸಿರು.

ತೆರೆದ ಕಿವಿಗೆ ಮಸೀದಿಯಿಂದ ಆಜಾನ್ ಕೇಳಿಸಿತು.

ಅವಳು ಸುತ್ತ ನೋಡಿದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರ ಎರಡೂ ಕಿವಿ ಮುಚ್ಚಿದ್ದವು. ಹಸಿರಿನವರು ಕುಣಿಯುತ್ತಲೇ ಇದ್ದರು. ಆಜಾನ್ ಆದೊಡನೆ ನಿಲ್ಲಿಸುತ್ತೇನೆಂದು ಬಂದು ಕೂತ ಮನುಷ್ಯ ಕಣ್ಣು ಮುಚ್ಚಿ ಅವಳ ಬೀಟಿಗೆ ಕಾಯುತ್ತಿದ್ದರು.

ಒಂದು ಕೀಲಿ. ಒತ್ತಿದರೆ ಅದು ಮೈ ಮುಟ್ಟುತ್ತದೋ ಇಲ್ಲವೋ ಅವಳಿಗೆ ತಿಳಿಯುತ್ತಿತ್ತು. ಆಮೇಲೆ ನಿಲ್ಲಿಸಿದರೂ ಆಗುತ್ತಿತ್ತು, ಎರಡೇ ಉಸಿರಿನ ಅಂತರ. ಆದರೆ ನಾಳೆ ಮಸೀದಿಯ ಮೆಟ್ಟಿಲ ಮೇಲೆ ಯಾರೋ ಹೇಳುತ್ತಾರೆ: ಆಜಾನ್ ಆಗುವಾಗ ಆ ಮನೆಯಲ್ಲಿ ಕುಣಿಯುತ್ತಿದ್ದರು, ಅಧ್ಯಕ್ಷರೂ ಅಲ್ಲೇ ಇದ್ದರು. ಅಣ್ಣ ಮದುವೆಯಾಗುವ ಮುಂಡರಗಿಯ ಹುಡುಗಿ ಮೆಹಂದಿ ಹಚ್ಚಿಕೊಂಡು ಕೂತಿರುತ್ತಾಳೆ.

ಸಾಯಿಮಾ ಸ್ವರವನ್ನು ಪೂರ್ತಿ ಇಳಿಸಿದಳು. ಅದರಿಂದ ಏನೂ ಆಗಲಿಲ್ಲ. ನೀಲಿಯವರು ಇನ್ನೂ ಕಾಯುತ್ತಿದ್ದರು. "ಶಫೀಕ ಭಾಯಿ!" ಎಂದು ಒದರಿದಳು. "ಅಮ್ಮಿ!" ಹಸೀನಾಬಿ ಬೆನ್ನು ತಿರುಗಿಸಿ ಚಪ್ಪಾಳೆ ತಟ್ಟುತ್ತಿದ್ದಳು. ಯಂತ್ರದ ಪಕ್ಕದಲ್ಲಿ, ನೀಲಿಯವರ ಕಿವಿಗೆ ಮಾತಾಡಲು, ಸಣ್ಣದೊಂದು ಮೈಕು ಇತ್ತು. ಅಣ್ಣನಿಗೆ ಮಾತು ಕೊಟ್ಟಿದ್ದಳು. ಮೈಕಿನ ಗುಂಡಿ ಒತ್ತಿದಳು.

"ಆಜಾನ್ ಆಗಾಕತ್ತೈತ್ರಿ. ತಗೀರಿ."

ನಬಿಸಾಬರ ಕಣ್ಣು ತೆರೆದವು. ಹೆಡ್‌ಫೋನ್ ತೆಗೆದರು. ಕೇಳಿಸಿಕೊಂಡರು. ಅವರು ಎದ್ದು ನಿಂತು ಕೈ ಎತ್ತಿದ್ದೇ ತಡ, ಮೊಹಸಿನ ಶಫೀಕನ ತಲೆಯಿಂದ ಹೆಡ್‌ಫೋನ್ ಕಿತ್ತ. ಕಾಲುಗಳು ಅಲ್ಲಲ್ಲೇ ನಿಂತವು. ಸೆರಗು, ದುಪಟ್ಟಾ ತಲೆಯ ಮೇಲೆ ಬಂದವು. ಅಂಗಳದ ತುಂಬ ಆಜಾನ್ ಒಂದೇ ಉಳಿಯಿತು.

ಅದು ಮುಗಿದ ಮೇಲೆ ಮುತ್ತಣ್ಣ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. "ಲೇ, ನೀಲ್ಯಾಗ ಹೆಣ್ಣಮಗಳು ಮಾತಾಡಿದ್ಲಲ್ಲ, ಯಾರಲೇ ಅದು?"

ಮೊಹಸಿನ ಒಮ್ಮೆ ಪರದೆಯ ಕಡೆ ನೋಡಿ, ತಲೆ ತಗ್ಗಿಸಿ, ಗಂಡಸರ ಹಿಂದೆ ಮಸೀದಿಗೆ ಹೋದ.

"ಏನ ಮಾಡಿಟ್ಟೀ," ಎಂದಳು ಹಸೀನಾಬಿ. ಬೈಗಳೂ ಅಲ್ಲ, ಪ್ರಶ್ನೆಯೂ ಅಲ್ಲ. ಹೆಣ್ಣುಮಕ್ಕಳು ಒಳಗೆ ನಮಾಜಿಗೆ ನಿಂತರು. ಸಾಯಿಮಾ ಎಲ್ಲರ ಜೊತೆ ಬಾಗಿದಳು, ಎದ್ದಳು. ಮೈಯಲ್ಲಿ ಬೀಳದೆ ಉಳಿದ ಬೀಟ್ ಬಾರದೆ ನಿಂತ ಸೀನಿನಂತೆ ಕಾಡುತ್ತಿತ್ತು. ಅಣ್ಣನ ಮುಖ ನೆನಪಾದರೆ ಅದೂ ಹೋಗುತ್ತಿತ್ತು, ಆಮೇಲೆ ಮತ್ತೆ ಬರುತ್ತಿತ್ತು.

ಗಂಡಸರು ತಿರುಗಿ ಬಂದಾಗ ಅಂಗಳದ ಬಲ್ಬು ಹತ್ತಿತ್ತು. ಶಫೀಕ ಹೆಡ್‌ಫೋನುಗಳನ್ನು ಚೀಲಕ್ಕೆ ತುಂಬುತ್ತಿದ್ದ. ಪರದೆಯ ಆಚೆ ನಬಿಸಾಬರ ಕೆಮ್ಮು ಕೇಳಿಸಿತು.

"ಹಸೀನಾಬಿ."

"ಹೇಳ್ರಿ ಚಾಚಾ." ಅವಳ ಕೈ ಮಗಳ ಮಣಿಕಟ್ಟನ್ನು ಹುಡುಕಿ ಹಿಡಿಯಿತು.

"ನಾಳಿ ನಿಕಾ ಮಧ್ಯಾಹ್ನದ ಜೋಹರ್‌ಕಿಂತ ಮೊದಲ ಆಗಬೇಕು. ಮುಂಡರಗಿಯವರಿಗೆ ಖಬರ ಮುಟ್ಟಸ್ರಿ, ಹೊತ್ತು ಮಾಡಬ್ಯಾಡ್ರಿ ಅಂತ."

"ಆತ್ರಿ ಚಾಚಾ, ಆತ್ರಿ." ಹಸೀನಾಬಿಯ ಉಸಿರು ಹೊರಬಿತ್ತು, ಕೈ ಮಾತ್ರ ಸಡಿಲಾಗಲಿಲ್ಲ. ನಬಿಸಾಬರು ಹೋಗಿರಲಿಲ್ಲ.

"ನೀಲ್ಯಾಗ ಮಾತಾಡಿದಾಕಿ ಯಾರು?"

ಬಿರಿಯಾನಿಯ ಸೌಟು ಕೂಡ ನಿಂತಿತು.

"ನಾನರಿ," ಎಂದಳು ಸಾಯಿಮಾ.

"ಅದು ನಿಂದ ಏನು? ಅದೆಲ್ಲಾ?"

"ಹೌದ್ರಿ."

ಅವಳು ಬೈಗಳಿಗೆ ಕಾದಳು. ಮಣಿಕಟ್ಟು ನೋಯುತ್ತಿತ್ತು.

"ಆಮ್ಯಾಲ ಏನಿತ್ತು?"

"ಏನ್ರಿ?"

"ಎಲ್ಲಾ ಹೋಗಿ ಸಣ್ಣ ದನಿ ಒಂದ ಉಳೀತಲ್ಲ. ಅದರ ಮ್ಯಾಲ ಏನೋ ಬರೂದಿತ್ತು. ಬರಲಿಲ್ಲ. ಏನದು?"

ಅವಳು ಬಾಯಿ ತೆರೆದಳು. ಬೀಟ್ ಅನ್ನಲೇ? ಗುದ್ದು ಅನ್ನಲೇ? "ಹೇಳಾಕ ಬರೂದಿಲ್ರಿ," ಎಂದಳು.

ಆಮೇಲೆ ಬಲಗೈಯಿಂದ ಅಮ್ಮಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಲ್ಯಾಪ್‌ಟಾಪಿನ ಪಕ್ಕದಲ್ಲಿದ್ದ ತನ್ನ ಹೆಡ್‌ಫೋನನ್ನು ತೆಗೆದುಕೊಂಡು, ನೆಲಕ್ಕೆ ಕೂತು, ಪರದೆಯ ಕೆಳಗಿನಿಂದ ಸರಿಸಿದಳು. ಅದು ಅಲ್ಲಿ ಸ್ವಲ್ಪ ಹೊತ್ತು ಹಾಗೇ ಬಿದ್ದಿತ್ತು. ಒಂದು ಮುದಿಗೈ ಇಳಿದು ಬಂದು ಎತ್ತಿಕೊಂಡಿತು.

ಅವಳು ಆ ಸಣ್ಣ ಸ್ವರದಿಂದ ಸುರು ಮಾಡಿದಳು. ಈ ಸಲ ಅವಳ ಎರಡೂ ಕಿವಿ ಖಾಲಿ. ಏನೂ ಕೇಳಿಸುತ್ತಿರಲಿಲ್ಲ, ಲ್ಯಾಪ್‌ಟಾಪಿನಲ್ಲಿ ಗೆರೆ ಸರಿಯುವುದು ಮಾತ್ರ ಕಾಣುತ್ತಿತ್ತು. ಅವಸರ ಮಾಡಲಿಲ್ಲ. ಎಳೆದಳು. ಪರದೆಯ ಕೆಳಗೆ ಬಿಳಿ ಪೈಜಾಮದ ಅಂಚು, ಒಡೆದ ಹಿಮ್ಮಡಿಯ ಎರಡು ಪಾದ. ಕೀಲಿ ಒತ್ತಿದಳು.

ಪಾದಗಳು ಕುಣಿಯಲಿಲ್ಲ. ಹೋಗಲೂ ಇಲ್ಲ. ಬಲಗಾಲಿನ ಹೆಬ್ಬೆರಳು ಮೆಲ್ಲಗೆ ಬಾಗಿ ನೆಲವನ್ನು ಒತ್ತಿ ಹಿಡಿಯಿತು, ಹಾಗೇ ಹಿಡಿದುಕೊಂಡಿತು.