ಹುಳುಮನೆಯ ವಾಸನೆ

ಶಿಡ್ಲಘಟ್ಟದ ಸುತ್ತ ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಮೂಗಿನದೇ ಯಜಮಾನಿಕೆ. ಬೀಡಿ ಸೇದಿ ಬಂದವನಿರಲಿ, ಸೆಂಟು ಹಾಕಿಕೊಂಡು ಬಂದ ನೆಂಟರಿರಲಿ, ಹುಳುಮನೆಯೊಳಗೆ ಕಾಲಿಡುವ ಹಾಗಿಲ್ಲ. ರಾಮಾಂಜಿನಪ್ಪನ ಮನೆಯಲ್ಲಿ ಆ ಮೂಗು ಅವನ ತಾಯಿ ಅಕ್ಕಯ್ಯಮ್ಮನದು.

ಮೂರು ವರ್ಷದ ಹಿಂದೆ ಅವನ ಮಗಳು ಯಾಮಿನಿ ಚಿಂತಾಮಣಿಯಲ್ಲಿ ಬಿ.ಎಸ್ಸಿ. ಸೇರಿದಳು. ಕೆಮಿಸ್ಟ್ರಿ ಎಂದರೆ ಅವಳಿಗೆ ಪ್ರಾಣ. ಅದರಲ್ಲೇ ಎಂ.ಎಸ್ಸಿ. ಮಾಡಿ ಲೆಕ್ಚರರ್ ಆಗಬೇಕೆಂದು ಹಟ ಹಿಡಿದಿದ್ದಳು. ಮೊದಲ ವಾರ ಲ್ಯಾಬ್ ಮುಗಿಸಿ ಬಂದವಳು ಬಟ್ಟೆ ಬದಲಿಸದೆ ಹುಳುಗಳಿಗೆ ಸೊಪ್ಪು ಹಾಕಿದಳು. ಮೂರನೇ ದಿನ ಹುಳುಗಳು ಊದಿಕೊಂಡು, ಹಾಲಿನಂಥ ನೀರು ಸುರಿಸಿ ರಾಶಿರಾಶಿ ಸತ್ತವು.

"ಆಸಿಡ್ ವಾಸನೆ ಹೊತ್ಕೊಂಡು ಬಂದ್ಲು. ಬಂಗಾರದಂಥ ಬೆಳೆ ಪೋಯಿಂದಿ, ಹೋಯ್ತು ಕಣೋ," ಎಂದು ಅಕ್ಕಯ್ಯಮ್ಮ ಎದೆ ಬಡಿದುಕೊಂಡಳು.

ಮಗಳಿಗೆ ಕೆಮಿಸ್ಟ್ರಿ ಬಿಡಿಸಲು ರಾಮಾಂಜಿನಪ್ಪ ಕಾಲೇಜಿಗೆ ಹೋದ. ಲೆಕ್ಚರರ್ ಶೋಭಾರಾಣಿ ತಡೆದರು. "ನಮ್ಮನೇಲೂ ಹುಳ ಸಾಕ್ತಾರೆ ರಾಮಾಂಜಿನಪ್ಪೋರೆ. ಇದು ಹಾಲುತೊಂಡೆ ರೋಗ, ಲ್ಯಾಬಿನ ವಾಸನೆಯಿಂದ ಬರಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬೇಡಿ. ಡಿಗ್ರಿಲಿ ಕೆಮಿಸ್ಟ್ರಿ ಓದದೆ ಹೋದ್ರೆ ಮುಂದೆ ಎಂ.ಎಸ್ಸಿ.ಗೆ ಸೇರಿಸ್ಕೊಳಲ್ಲ."

"ಅದಕ್ಕೇನು ಮೇಡಂ, ಆಗ ತಗೊಂಡ್ರಾಯ್ತು," ಎಂದ. ಅವನಿಗೆ ಗೊತ್ತಿದ್ದುದು ಹುಳುವಿನ ಬಾಳು. ಒಂದು ಬೆಳೆ ಕೆಟ್ಟರೆ ಹುಳು ಸಾಕುವ ತಟ್ಟೆ ತೊಳೆದು ಹೊಸ ಮೊಟ್ಟೆ ತಂದರಾಯಿತು, ಹಳೆಯದರ ಹಂಗಿಲ್ಲ. ಓದೂ ಹಾಗೇ ಎಂದುಕೊಂಡ ಪುಣ್ಯಾತ್ಮ, ಕೆಮಿಸ್ಟ್ರಿ ಹೊಡೆದುಹಾಕಿ ಕಂಪ್ಯೂಟರ್ ಸೈನ್ಸ್ ಎಂದು ಬರೆದ ಅರ್ಜಿಗೆ ಸಹಿ ಹಾಕಿದ. ಯಾಮಿನಿ ಎರಡು ದಿನ ಅನ್ನ ಮುಟ್ಟಲಿಲ್ಲ.

ಆಮೇಲೆ ಮನೆಗೆ ಯಾವ ಆಸಿಡ್ ವಾಸನೆಯೂ ಬರಲಿಲ್ಲ. ಆದರೂ ಹಾಲುತೊಂಡೆ ಎರಡು ಸಲ ಬಂತು. ಆಗ ಅಕ್ಕಯ್ಯಮ್ಮ ಬಿಸಿಲನ್ನು ಬೈದಳು.

ಈ ವರ್ಷ ಡಿಗ್ರಿ ಮುಗಿಯಿತು. "ಆಗಲ್ಲಪ್ಪ, ರೂಲ್ಸಲ್ಲೇ ಇದೆ," ಎಂದು ಯಾಮಿನಿ ಹೇಳಿದರೂ ಕೇಳದೆ ರಾಮಾಂಜಿನಪ್ಪ ಎಂ.ಎಸ್ಸಿ. ಕೆಮಿಸ್ಟ್ರಿ ಸೀಟು ಕೇಳಲು ಮಗಳನ್ನು ವಿಶ್ವವಿದ್ಯಾಲಯಕ್ಕೆ ಎಳೆದುಕೊಂಡು ಹೋದ. ಕೈಮುಗಿದು ಕೇಳಿದರೆ ಕೊಡದವರುಂಟೇ ಎಂಬುದು ಅವನ ಧೈರ್ಯ.

ಗುಮಾಸ್ತ ಅಂಕಪಟ್ಟಿ ತಿರುವಿ ನೋಡಿದ. "ಮೂರು ವರ್ಷವೂ ಕೆಮಿಸ್ಟ್ರಿ ಇರ್ಬೇಕು. ಇವ್ರಿಗೆ ಒಂದು ವರ್ಷವೂ ಇಲ್ಲ."

"ಮಗು ತುಂಬ ಬುದ್ಧಿವಂತೆ ಸಾರ್. ತಪ್ಪು ನಂದು."

"ಹಾಗಾದ್ರೆ ಮತ್ತೆ ಮೊದಲ್ನೇ ವರ್ಷದ ಡಿಗ್ರಿಗೆ ಸೇರಿಸಿ," ಎಂದು ಅವನು ಹಿಂದೆ ನಿಂತವರನ್ನು ಕರೆದ. ರಾಮಾಂಜಿನಪ್ಪನ ಮುಗಿದ ಕೈ ಹಾಗೇ ಇತ್ತು. ಯಾಮಿನಿಯೇ ಅದನ್ನು ಹಿಡಿದು ಇಳಿಸಿದಳು. ಇಬ್ಬರೂ ಊರಿನ ಬಸ್ಸು ಹತ್ತಿದರು.

ಮರುದಿನ ಬೆಳಿಗ್ಗೆ ಹೊಸ ಬೆಳೆಗೆ ಮನೆ ಸಿದ್ಧ ಮಾಡಬೇಕಿತ್ತು. ಪ್ರತಿ ಬೆಳೆಗೂ ಮಾಡುವಂತೆ ರಾಮಾಂಜಿನಪ್ಪ ಮೂಗಿಗೆ ಟವೆಲ್ ಬಿಗಿದು, ರೋಗಾಣು ಸಾಯಲೆಂದು ಖಾಲಿ ಹುಳುಮನೆಗೆ ಪಂಪಿನಿಂದ ಫಾರ್ಮಲಿನ್ ಎಂಬ ರಾಸಾಯನಿಕ ಹೊಡೆಯತೊಡಗಿದ. ಘಾಟು ಅಂಗಳದವರೆಗೂ ಹಬ್ಬಿತು.

"ಮೂಲೆಮೂಲೆಗೂ ಹೊಡಿಯೋ, ಆಗ್ಲೇ ಹುಳ ಉಳಿಯೋದು," ಅಕ್ಕಯ್ಯಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೇಳಿದಳು.

ನೀರಿನ ಬಕೆಟ್ ತಂದ ಯಾಮಿನಿ ಹೊಸ್ತಿಲಲ್ಲಿ ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

"ಅಪ್ಪಾ, ಅವತ್ತು ನನ್ನ ಮೈಮೇಲೆ ಇಷ್ಟು ವಾಸನೆ ಇತ್ತಾ?"

ರಾಮಾಂಜಿನಪ್ಪ ಪಂಪು ನಿಲ್ಲಿಸಿದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಫಾರ್ಮಲಿನ್ ಘಾಟಿಗೆ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಅವಳು ಬಕೆಟ್ ಇಟ್ಟು, ತಟ್ಟೆ ತೊಳೆಯಲು ಕೂತಳು.