ಮೇಜಿನ ಕೆಳಗೆ ಹತ್ತೊಂಬತ್ತು ಸಲ

ಟೈಲರಮ್ಮನದು ಒಂದೇ ಹಟ. ಅಳತೆ ಬರೆದುಕೊಂಡ ಮೇಲೆ ಅದನ್ನು ಗಿರಾಕಿಗೆ ಗಟ್ಟಿಯಾಗಿ ಓದಿ ಹೇಳಬೇಕು, ಅವರು ಹೂಂ ಅನ್ನಬೇಕು, ಆಮೇಲೆಯೇ ಬಟ್ಟೆಗೆ ಕತ್ತರಿ. ಗಿರಾಕಿಗೆ ಎಷ್ಟೇ ಅವಸರವಿರಲಿ, ಇದರಲ್ಲಿ ಆಕೆ ಜಗ್ಗುವವಳೇ ಅಲ್ಲ.

ಅಂಥವಳ ಮುಂದೆ ಶಾಲೆಯವರು ಆರು ಪುಟದ ವರದಿ ಇಟ್ಟು ಸಹಿ ಹಾಕಿ ಅಂದರೆ ಸುಮ್ಮನೆ ಹಾಕಿಬಿಡುತ್ತಾಳೆಯೇ? ಸಹಿ ಬಿದ್ದರೆ ಎಂಟು ವರ್ಷದ ಮಗಳು ಚೂಟಿ ಸೋಮವಾರದಿಂದ ತನ್ನ ತರಗತಿ, ಗೆಳತಿಯರು ಎಲ್ಲವನ್ನೂ ಬಿಟ್ಟು ಹಿಂದಿನ ಕಟ್ಟಡದ ಬೇರೆ ಕೋಣೆಗೆ ಹೋಗಬೇಕು. ವರದಿಯ ತುಂಬ ‘ಸೆನ್ಸರಿ ಪ್ರೊಫೈಲ್’, ‘ಟಾಸ್ಕ್ ಅವಾಯ್ಡೆನ್ಸ್’ ಇಂಥ ಇಂಗ್ಲಿಷ್ ಪದಗಳೇ. ಹೋದ ಸಲದ ಸಭೆಯಲ್ಲಿ ತಲೆಬುಡ ತಿಳಿಯದೆ ಎಲ್ಲಕ್ಕೂ ತಲೆಯಾಡಿಸಿ ಬಂದು, ಮನೆಯಲ್ಲಿ ತನ್ನನ್ನು ತಾನೇ ಬೈದುಕೊಂಡಿದ್ದಳು.

ಚೂಟಿಯ ತರಗತಿಯಲ್ಲೇ, ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ಟೈಲರಮ್ಮ, ಹೆಡ್ ಮೇಡಂ, ವಿಶೇಷ ಶಿಕ್ಷಕಿ ಮೂವರೂ ಮಂಡಿ ಮಡಚಿಕೊಂಡು ಕೂತಿದ್ದರು.

“ಒಂದೊಂದೇ ಸಾಲು ಓದಿ ಮೇಡಂ,” ಎಂದಳು ಟೈಲರಮ್ಮ. “ನನ್ ಮಗಳು ಏನ್ ಮಾಡಿದ್ಲು, ಯಾವಾಗ ಮಾಡಿದ್ಲು, ಅಷ್ಟು ಹೇಳಿ ಸಾಕು.”

ಹೆಡ್ ಮೇಡಂ ಗಡಿಯಾರ ನೋಡಿದರು. ವಿಶೇಷ ಶಿಕ್ಷಕಿ, ಪಾಪ, ಒಳ್ಳೆಯ ಹುಡುಗಿ, ಓದತೊಡಗಿದಳು. “ಟಾಸ್ಕ್ ಅವಾಯ್ಡೆನ್ಸ್, ತಿಂಗಳಲ್ಲಿ ಹತ್ತೊಂಬತ್ತು ಸಲ.”

“ಅಂದ್ರೆ?”

“ಕೊಟ್ಟ ಕೆಲಸ ತಪ್ಪಿಸ್ಕೊಳ್ಳೋದು.”

“ಅದು ನೀವಿಟ್ಟ ಹೆಸರು. ಅವಳು ಮಾಡಿದ್ದೇನು?”

“ಮೇಜಿನ ಕೆಳಗೆ ಹೋಗಿ ಕೂತ್ಲು.”

“ಯಾವ ಹೊತ್ತಲ್ಲಿ?”

ಶಿಕ್ಷಕಿ ತನ್ನ ನೋಟ್‌ಪುಸ್ತಕ ತೆಗೆದು ಬೆರಳಿಟ್ಟು ನೋಡುತ್ತ ಹೋದಳು. ನೋಡುತ್ತ ನೋಡುತ್ತ ಮುಖವೇ ಇಳಿಯಿತು. ಹತ್ತೊಂಬತ್ತೂ ಬೆಲ್ ಹೊಡೆದ ಹೊತ್ತು! “ಅಯ್ಯೋ, ನಾನಿನ್ನೂ ಕೆಲಸಾನೇ ಕೊಟ್ಟಿರ್ಲಿಲ್ಲ,” ಎಂದಳು.

ಟೈಲರಮ್ಮನಿಗೆ ಒಳಗೊಳಗೇ ಹಿಗ್ಗು. “ಹಾಗಾದ್ರೆ ಬರ್ಕೊಳ್ಳಿ: ಬೆಲ್ ಸದ್ದಿಗೆ ಹೆದರಿ ಮೇಜಿನ ಕೆಳಗೆ ಹೋಗ್ತಾಳೆ.”

ಶಿಕ್ಷಕಿ ಬರೆದಳು. ಹೆಡ್ ಮೇಡಂ ಪೆನ್ನು ಚಾಚಿದರು. ಗೆದ್ದ ಹುರುಪಿನಲ್ಲಿ ಪೆನ್ನು ಹಿಡಿದ ಟೈಲರಮ್ಮ ತಟ್ಟನೆ ಕೈ ತಡೆದಳು. ಥೂ, ಎಂಥ ಕೆಲಸವಾಗುತ್ತಿತ್ತು! ಅಳತೆ ಯಾರದೋ ಅವರಿಗೇ ಓದಿ ಹೇಳಿಲ್ಲವಲ್ಲ.

ಹೊರಗೆ ಬೆಂಚಿನ ಮೇಲಿದ್ದ ಚೂಟಿಯನ್ನು ಕರೆದು ಆ ಸಾಲನ್ನು ನಿಧಾನವಾಗಿ ಓದಿದಳು. ಚೂಟಿ ತನ್ನ ಶೂ ನೋಡುತ್ತ ಕೇಳಿಸಿಕೊಂಡಳು. ಹೂಂ ಅನ್ನಲಿಲ್ಲ.

“ಬೆಲ್ ಅಲ್ಲಮ್ಮ. ಬೆಲ್ ನಂಗಿಷ್ಟ. ಆಮೇಲೆ ಎಲ್ರೂ ಒಟ್ಟಿಗೆ ಕುರ್ಚಿ ಎಳೀತಾರಲ್ಲ, ಅದು. ಹಲ್ಲೆಲ್ಲ ಜುಂ ಅನ್ನುತ್ತೆ.”

“ಇಷ್ಟ್ ದಿನ ಯಾಕೆ ಹೇಳ್ಲಿಲ್ವೇ, ಕಂದ?”

“ನಂಗೆ ಯಾರೂ ಓದಿ ಹೇಳಿರ್ಲಿಲ್ಲ.”

ಹೆಡ್ ಮೇಡಂ ವರದಿಯನ್ನು ತಮ್ಮತ್ತ ಎಳೆದುಕೊಂಡು, “ಇಷ್ಟಕ್ಕೆ ತರಗತಿ ಬಿಡಿಸೋದ್ಯಾಕೆ?” ಎನ್ನುತ್ತ ಬೇರೆ ಕೋಣೆಯ ಸಾಲನ್ನು ತಾವೇ ಹೊಡೆದುಹಾಕಿದರು. ಶಿಕ್ಷಕಿ ಬೆಲ್ ಅಳಿಸಿ ಕುರ್ಚಿ ಎಂದು ಬರೆದಳು. ಟೈಲರಮ್ಮನ ಕಣ್ಣು ತುಂಬಿ ಬಂತು. ಆದರೆ ಅಳುತ್ತ ಕೂರುವ ಆಸಾಮಿಯೇ ಆಕೆ? ಕೊರಳಿನ ಟೇಪು ಎಳೆದು, ಬಗ್ಗಿ ಪುಟ್ಟ ಕುರ್ಚಿಯ ಕಾಲಿಗೆ ಸುತ್ತಿದಳು.

“ಸುತ್ತಳತೆ ನಾಲ್ಕೂವರೆ ಇಂಚು. ಮೂವತ್ತು ಕುರ್ಚಿ, ನೂರಿಪ್ಪತ್ತು ಕಾಲು. ದಪ್ಪ ಬಟ್ಟೇಲಿ ಚೀಲ ಹೊಲಿದು ಸೋಮವಾರ ತೊಡಿಸ್ತೀನಿ. ಸರೀನಾ?” ಎಂದು ಮಗಳ ಮುಖ ನೋಡಿದಳು.

“ಹೂಂ,” ಎಂದಳು ಚೂಟಿ.

ಟೈಲರಮ್ಮ ಸಹಿ ಹಾಕಿದಳು.