ತೇಲಿಬಂದ ರೆಕ್ಕೆ

ಯುದ್ಧ ನಡೆಯುತ್ತಿದ್ದ ವರ್ಷಗಳವು. ಬೊಕ್ಕಪಟ್ಣದ ರಾಜೀವಿಯ ಗಂಡ ವಾಸು ಒಂದು ಬೆಳಿಗ್ಗೆ ಬಲೆಯ ಜೊತೆ ಬಾಗಿಲಷ್ಟು ಅಗಲದ ಹಗುರ ಮರದ ಚೌಕಟ್ಟೊಂದನ್ನು ಹೊತ್ತು ತಂದ. ಅದರ ಮೇಲೆ ಬಿಗಿಯಾಗಿ ಎಳೆದು ಬಣ್ಣ ಬಳಿದ ಬಟ್ಟೆಯಿತ್ತು. "ಕಡಲಿನಲ್ಲಿ ತೇಲ್ತಾ ಇತ್ತು" ಎಂದಷ್ಟೇ ಹೇಳಿ, ಗಂಜಿಯನ್ನೂ ಮುಟ್ಟದೆ ಮಲಗಿಬಿಟ್ಟ. ರಾಜೀವಿ ಅದನ್ನು ಕೋಳಿಗೂಡಿಗೆ ಅಡ್ಡ ಇಟ್ಟು ಮೀನು ಮಾರಲು ಹೊರಟಳು.

ಉರ್ವದ ಮಾರ್ಕೆಟಿನಲ್ಲಿ ಒಣಮೀನು ವ್ಯಾಪಾರದ ಉಮರಬ್ಬ ದನಿ ತಗ್ಗಿಸಿ ಹೇಳಿದ: "ಸರ್ಕಾರದ ಗುಟ್ಟಿನ ವಿಮಾನ ಒಂದು ಕಡಲಿಗೆ ಬಿದ್ದಿದೆಯಂತೆ. ಅಂಥದ್ದು ಉಂಟು ಅಂತ ಯಾವ ಲೆಕ್ಕದಲ್ಲೂ ಇಲ್ಲವಂತೆ. ಅದರ ತುಂಡು ಮನೆಯಲ್ಲಿ ಸಿಕ್ಕಿದವರನ್ನು ಜಪಾನಿನ ಗೂಢಚಾರರು ಅಂತ ಹಿಡಿದುಕೊಂಡು ಹೋಗ್ತಾರೆ. ಬೆಂಗ್ರೆಯಲ್ಲಿ ಹುಡುಕಿ ಆಯಿತು. ಇನ್ನು ನಿಮ್ಮ ಕಡೆಗೆ."

ರಾಜೀವಿಗೆ ಕೋಳಿಗೂಡಿನ ಮುಂದೆ ಇಟ್ಟ ಚೌಕಟ್ಟು ನೆನಪಾಯಿತು. ಮಾರದೆ ಉಳಿದ ಬೂತಾಯಿ ಮೀನನ್ನು ಬುಟ್ಟಿಸಮೇತ ಹೊತ್ತುಕೊಂಡು ಮನೆಗೆ ಓಡಿದಳು. ಅಂಗಳದ ಒಲೆ ಹೊತ್ತಿಸಿ, ಕೊಪ್ಪರಿಗೆಗೆ ನೀರು ಹೊಯ್ದು, ಮೀನೆಣ್ಣೆ ತೆಗೆಯುವವರಂತೆ ಬುಟ್ಟಿಯಲ್ಲಿದ್ದುದನ್ನೆಲ್ಲ ಸುರಿದಳು. ಕತ್ತಿಯಿಂದ ಚೌಕಟ್ಟನ್ನು ಕಡಿಕಡಿದು ಒಲೆಗೆ ತುರುಕಿದಳು. ಬಟ್ಟೆ ಭಗ್ಗೆಂದು ಹತ್ತಿಕೊಂಡಿತು. ಎಂದೂ ಮೂಗಿಗೆ ಬಡಿಯದ ಕಟುವಾಸನೆ ಎದ್ದಿತು.

ಬೇಲಿಯಾಚೆ ಬೂಟಿನ ಸದ್ದಾಯಿತು. ಊರಿನವನೇ ಆದ ಪೊಲೀಸ್ ಲೋಕಯ್ಯ, ಅವನ ಹಿಂದೆ ಪರವೂರಿನ ಇನ್‌ಸ್ಪೆಕ್ಟರ್.

"ಏನಿದು ವಾಸನೆ?" ಎಂದು ಇನ್‌ಸ್ಪೆಕ್ಟರ್ ಕೇಳಿದ.

ರಾಜೀವಿ ಕೊಪ್ಪರಿಗೆಯ ಮೀನನ್ನು ಕಲಕತೊಡಗಿದಳು. ಒಲೆಯ ಬಾಯಲ್ಲಿ ಬಣ್ಣದ ಬಟ್ಟೆಯ ಚೂರೊಂದು ಇನ್ನೂ ಇಣುಕುತ್ತಿತ್ತು. ಲೋಕಯ್ಯ ಅದನ್ನು ಕಂಡ. ಬೆಂಕಿ ಸರಿಪಡಿಸುವವನಂತೆ ಲಾಠಿಯ ತುದಿಯಿಂದ ಚೂರನ್ನು ಒಳಗೆ ತಳ್ಳಿ, "ಬೂತಾಯಿ ಎಣ್ಣೆ ಸಾರ್. ಇಲ್ಲಿ ಮನೆಮನೆಯಲ್ಲಿ ಉಂಟು" ಎಂದ.

ಇನ್‌ಸ್ಪೆಕ್ಟರ್ ಮೂಗು ಮುಚ್ಚಿಕೊಂಡೇ ಗೂಡು, ಬಲೆ, ಚಾವಡಿ ಎಲ್ಲವನ್ನೂ ನೋಡಿದ. "ನಿನ್ನ ಗಂಡ ವಿಮಾನ ಗಿಮಾನ ನೋಡಿದನೇನು?"

"ಇಲ್ಲ ಒಡೆಯ."

"ಒಳ್ಳೆಯದು. ಯಾವ ವಿಮಾನವೂ ಬಿದ್ದಿಲ್ಲ. ನೆನಪಿರಲಿ."

ಅವರು ಹೋದ ಮೇಲೆ ಒಳಗೆ ಬಂದರೆ ವಾಸು ಚಾಪೆಯ ಮೇಲೆ ಮುದುಡಿ ಕೂತಿದ್ದ.

"ಹೋದರು, ಹೆದರಬೇಡಿ" ಎಂದಳು.

"ರೆಕ್ಕೆ ಹಿಡಿದುಕೊಂಡು ಒಬ್ಬ ಇದ್ದ" ಎಂದ ವಾಸು. "ಜೀವ ಇರಲಿಲ್ಲ. ಸಣ್ಣ ಪ್ರಾಯ. ಬೆರಳು ಬಿಡಿಸ್ಲಿಕ್ಕೇ ಆಗ್ಲಿಲ್ಲ ನನಗೆ. ಹೇಗೋ ಬಿಡಿಸಿ ನೀರಿಗೆ ಬಿಟ್ಟೆ. ದಡಕ್ಕೆ ತಂದಿದ್ರೆ ಎಂತ ಹೇಳುವುದಿತ್ತು?"

ರಾಜೀವಿ ಅವನ ಪಕ್ಕದಲ್ಲಿ ಚಾಪೆಯ ಮೇಲೆ ಕೂತಳು. ವಿಮಾನವೇ ಬಿದ್ದಿಲ್ಲವೆಂದ ಮೇಲೆ ಆ ಸತ್ತ ಹುಡುಗನ ತಾಯಿಗೆ ಯಾರು ಏನು ಹೇಳುತ್ತಾರೆ?

ಸಂಜೆ ಬಾಗಿಲು ಹಾಕಿ, ಸತ್ತವರಿಗೆ ಇಡುವಂತೆ ಒಂದು ಎಲೆಯಲ್ಲಿ ಅನ್ನ, ಮೀನು ಬಡಿಸಿ ಮೂಲೆಯಲ್ಲಿಟ್ಟಳು. ಯಾರು ಸತ್ತರೆಂದು ನೆರೆಯವರು ಕೇಳಿಯಾರೆಂಬ ಭಯಕ್ಕೆ ಅದರ ಮುಂದೆ ದೀಪ ಮಾತ್ರ ಹಚ್ಚಲಿಲ್ಲ.